ಕೂಡದ ಅಂಗೈ

ನನ್ನ ಕೈಯ ಕಥೆ ಮೊದಲು ಗೊತ್ತಾದದ್ದು ರೊಟ್ಟಿ ಬಡಿಯುವಾಗ, ದವಾಖಾನೆಯಲ್ಲಿ ಅಲ್ಲ. 1994ರ ಸುಮಾರು. ನಾನು ಬಡಿದ ರೊಟ್ಟಿಯ ನಡುವೆ ದಪ್ಪ, ಅಂಚಿನಲ್ಲಿ ಹರಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ಬಿಳಿಜೋಳದ ಸೀಮೆ. ಇಲ್ಲಿ ಹೆಣ್ಣುಮಗಳ ಅಂಗೈ ಚಪ್ಪಟೆ ಬೀಳಲಿಲ್ಲವೆಂದರೆ ಓಣಿಗೆಲ್ಲ ಸುದ್ದಿ. "ಬಾಳ ಸಡ್ಲ ಬಡೀತಿ ನೋಡವಾ" ಎಂದರು ಅತ್ತಿ. ಕಿರುಬೆರಳು ಬಾಗಿದ್ದನ್ನು ಅವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ನೋವಿದ್ದರಲ್ಲವೇ ನೋಡುವುದು?

ಬೆರಳು ಬಾಗಿಸಿದ್ದು ಸಕ್ರಿ ಬ್ಯಾನಿ, ಅಂದರೆ ಮಧುಮೇಹ. ಅದು ನನಗೆ ಹನ್ನೊಂದನೆಯ ವಯಸ್ಸಿಗೇ ಬಂದಿತ್ತು, 1978ರಲ್ಲಿ. ಅಪ್ಪ ಇಂಡಿ ರೋಡ್ ಸ್ಟೇಷನ್ನಿನಿಂದ ಗಾಡಿ ಹತ್ತಿ ಸೊಲ್ಲಾಪುರಕ್ಕೆ ಹೋಗಿ ಇನ್ಸುಲಿನ್ ತರುತ್ತಿದ್ದ. ಆಗಿನದು ದನ, ಹಂದಿಗಳ ಮೇದೋಜೀರಕದಿಂದ ತೆಗೆದ ಔಷಧ. ಮನೆಯಲ್ಲಿ ಫ್ರಿಜ್ ಎಲ್ಲಿಯದು! ಅವ್ವ ಗಡಿಗೆಯಲ್ಲಿ ಒದ್ದೆ ಮರಳು ತುಂಬಿ, ಶೀಸೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಹುಗಿಯುತ್ತಿದ್ದಳು. ಗಾಜಿನ ಸಿರಿಂಜು ದಿನಾ ಕುದಿಯಬೇಕು. ಮೊಂಡಾದ ಸೂಜಿಯನ್ನು ಅಪ್ಪ ಸಾಣೆಕಲ್ಲಿಗೆ ತಿಕ್ಕಿ ಕೊಡುತ್ತಿದ್ದ. ತೊಡೆಗೆ ಚುಚ್ಚಿದರೆ ಜಾಲಿಮುಳ್ಳೇ ವಾಸಿ ಅನಿಸುತ್ತಿತ್ತು.

1922ರ ಜನವರಿಯಲ್ಲಿ ಟೊರೊಂಟೋದಲ್ಲಿ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮುಂಚೆ ನನ್ನಂಥ ಮಕ್ಕಳು ಒಂದೆರಡು ವರ್ಷ ಬದುಕಿದರೆ ಹೆಚ್ಚು, ಕೀಲು ಬಿಗಿಯುವ ತನಕ ಯಾರು ಉಳಿಯುತ್ತಿದ್ದರು? ಬಹಳ ವರ್ಷ ಬಾಳಿದವರ ಕೈ ಬಿರುಸಾಗುತ್ತದೆಂದು ಡೆನ್ಮಾರ್ಕಿನ ಲುಂಡ್‌ಬೆಕ್ 1957ರಲ್ಲಿ ಬರೆದರು. 1974ರಲ್ಲಿ ಫ್ಲಾರಿಡಾದ ಮಕ್ಕಳ ವೈದ್ಯ ರೋಸೆನ್‌ಬ್ಲೂಮ್ ಚಿಕ್ಕ ವಯಸ್ಸಿನವರಲ್ಲೂ ಅದನ್ನೇ ಕಂಡರು. ಸಕ್ಕರೆ ವರ್ಷಗಟ್ಟಲೆ ಕೊಲಾಜನ್ ಎಂಬ ನಾರಿಗೆ ಅಂಟಿ ಅದನ್ನು ಗಡುಸು ಮಾಡುತ್ತದೆ. ಚರ್ಮ ದಪ್ಪಾಗಿ, ಬೆರಳು ಕಿರುಬೆರಳಿನಿಂದ ಬಾಗತೊಡಗುತ್ತವೆ.

ನನಗಿದು ತಿಳಿದದ್ದು ಬಹಳ ತಡವಾಗಿ. ಹೆಗಲು ಬಿಗಿದು, ಕುಪ್ಪಸದ ತೋಳು ಏರಿಸಿಕೊಳ್ಳಲಾಗದೆ ಬಿಜಾಪುರದ ಡಾಕ್ಟರ ಮುಂದೆ ಕುಳಿತಿದ್ದೆ. ಅಲ್ಲಿಯವರೆಗೂ ಎಲ್ಲರೂ ವಾತವೆಂದು ಎಣ್ಣೆ ತಿಕ್ಕಿಸಿದ್ದೇ ತಿಕ್ಕಿಸಿದ್ದು. "ಅಕ್ಕಾರ, ಒಂದ್ಸಲ ಶರಣು ಮಾಡ್ರಿ" ಅಂದರು. ಬಾಗೇವಾಡಿ ಬಸವಣ್ಣನ ಊರು, ಶರಣು ನಮಗೆ ಹೊಸದೇ? ಕೈ ಜೋಡಿಸಿದೆ. ಬೆರಳ ತುದಿಗಳು ತಾಗಿದವು, ಅಂಗೈ ಬುಡವೂ ತಾಗಿತು, ನಡುವಿನ ಗೆಣ್ಣುಗಳು ಕೂಡಲಿಲ್ಲ. ಆ ಸಂದಿನಲ್ಲಿ ಅವರು ತಮ್ಮ ಪೆನ್ನು ತೂರಿಸಿ ತೋರಿಸಿದರು. ಕೈ ಹೀಗಾದವರ ಕಣ್ಣು, ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿರಬಹುದೆಂದು ಅಂದೇ ಪರೀಕ್ಷೆಗೆ ಬರೆದುಕೊಟ್ಟರು.

ಇಷ್ಟಲಿಂಗ ಪೂಜೆಗೆ ಮಾತ್ರ ಈ ಬಾಗಿದ ಎಡಗೈ ಭಾಳ ಅನುಕೂಲ. ಲಿಂಗ ಅಲುಗಾಡದೆ ಕೂಡುತ್ತದೆ. ರೊಟ್ಟಿ ಈಗ ಸೊಸೆ ಬಡಿಯುತ್ತಾಳೆ. ಹಿಟ್ಟು ನಾದಿಕೊಡುವುದು ಇವತ್ತಿಗೂ ನಾನೇ, ಅಂಗೈ ಬುಡದಿಂದ ಒತ್ತಿ ಒತ್ತಿ.