ಯಾವ ಅಶೋಕದ ಚಕ್ಕೆ?

ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋದರೆ ಅಶೋಕದ ಚಕ್ಕೆಯ ಕಷಾಯ ಕುಡಿಸುವುದು ಹಳೆಯ ರೂಢಿ. ಇದಕ್ಕೆ ಆಧಾರವೇನೆಂದು ಹುಡುಕುತ್ತ ಹೋದಾಗ 11ನೇ ಶತಮಾನದ ವೈದ್ಯ ಚಕ್ರಪಾಣಿದತ್ತ ಸಿಕ್ಕ. ಅವನದು ಸರಳ ವಿಧಾನ: ತೊಗಟೆಯ ಕಷಾಯದಲ್ಲಿ ಹಾಲು ಕಾಯಿಸಿ, ಪೂರಾ ತಣ್ಣಗಾದ ಮೇಲೆ ಬೆಳಿಗ್ಗೆ ಕುಡಿಯುವುದು. ಆಮೇಲಿನ 'ಭೈಷಜ್ಯ ರತ್ನಾವಳಿ'ಯ ಅಶೋಕಾರಿಷ್ಟ ಹಾಗಲ್ಲ. ನೂರು ಪಲ ತೊಗಟೆಯನ್ನು ನಾಲ್ಕು ದ್ರೋಣ ನೀರಿನಲ್ಲಿ ಕಾಲು ಭಾಗಕ್ಕೆ ಇಳಿಸಿ, ಇನ್ನೂರು ಪಲ ಬೆಲ್ಲ, ಧಾತಕಿ ಹೂವು, ಶುಂಠಿ, ಜೀರಿಗೆ, ತ್ರಿಫಲ, ಚಂದನ, ಮಾವಿನ ಓಟೆಯ ತಿರುಳು ಎಲ್ಲ ಸೇರಿಸಿ ಒಂದು ತಿಂಗಳು ಹುದುಗಿಡಬೇಕು. ಗುಣ ಕಂಡರೆ ಅದರ ಪುಣ್ಯ ಅಶೋಕಕ್ಕೋ, ಧಾತಕಿಗೋ?

ಪ್ರಯೋಗಾಲಯದ ದಾಖಲೆಗಳಿಗೆ ಬಂದರೆ, ಮುಂದೆ ಐಸಿಎಂಆರ್‌ನ ಮಹಾನಿರ್ದೇಶಕಿಯಾದ ಜಿ.ವಿ. ಸತ್ಯವತಿ ಮತ್ತು ಸಂಗಡಿಗರು ಈ ತೊಗಟೆ ಗರ್ಭಕೋಶದ ಸ್ನಾಯುವನ್ನು ಸಂಕುಚಿಸುವ ಬಗೆಯನ್ನು 1970ರಲ್ಲಿ ಪ್ರಕಟಿಸಿದ್ದರು. ಸ್ನಾಯು ಬಿಗಿದರೆ ಸ್ರಾವ ಕಡಿಮೆಯಾಗಬಹುದು, ತರ್ಕ ಸರಿಯೇ. 1985ರಲ್ಲಿ ಮಿಡೆಲ್‌ಕೂಪ್, ಲಬಾಡಿ ಎಂಬವರು ಪ್ರೊಸ್ಟಾಗ್ಲಾಂಡಿನ್ ತಯಾರಿಕೆಗೆ ಬೇಕಾದ ಕಿಣ್ವವನ್ನು ಕುರಿಯ ಗ್ರಂಥಿಯಿಂದ ತೆಗೆದು, ಅದರ ಮೇಲೆ ತೊಗಟೆಯ ಪರಿಣಾಮ ನೋಡಿದರು. ಮುಟ್ಟಿನ ಹೊಟ್ಟೆನೋವಿಗೆ ಕಾರಣವಾಗುವುದು ಇದೇ ಪ್ರೊಸ್ಟಾಗ್ಲಾಂಡಿನ್. ಆದರೆ ಇವೆಲ್ಲ ಅಂಗಾಂಶ, ಕಿಣ್ವ, ಪ್ರಾಣಿಗಳ ಮಟ್ಟದ ಮಾತು. ಹೆಂಗಸರ ಮೇಲೆ ನಡೆದ ಪ್ರಯೋಗಗಳು ಹೆಚ್ಚಾಗಿ ಸಣ್ಣವು.

ಹುಡುಕಾಟದಲ್ಲಿ ಒಂದು ಪೇಚೂ ಇದೆ. ಹಳೆಯ ವರದಿಗಳಲ್ಲಿ ಈ ಮರ 'ಸರಾಕಾ ಇಂಡಿಕಾ'. 1960ರ ದಶಕದ ಕೊನೆಯಲ್ಲಿ ಸಸ್ಯವಿಜ್ಞಾನಿಗಳು ಆ ಹೆಸರನ್ನು ಆಗ್ನೇಯ ಏಷ್ಯಾದ ಮರಕ್ಕೆ ಬಿಟ್ಟು, ನಮ್ಮದನ್ನು 'ಸರಾಕಾ ಅಸೋಕಾ' ಎಂದರು. ಅದಕ್ಕೂ ಹಿಂದೆ ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್, ವಿದ್ವಾಂಸ ವಿಲಿಯಂ ಜೋನ್ಸರ ನೆನಪಿಗೆ ಇಟ್ಟದ್ದು 'ಜೋನೇಸಿಯಾ'. ಮೂರೂ ಹೆಸರಲ್ಲಿ ಹುಡುಕದಿದ್ದರೆ ಅರ್ಧ ಕಡತ ಕೈತಪ್ಪುತ್ತದೆ.

ಇಷ್ಟನ್ನೆಲ್ಲ ಒಟ್ಟುಮಾಡಿಕೊಂಡ ಮೇಲೆ 2016ರ ಒಂದು ಪ್ರಬಂಧ ಲೆಕ್ಕವನ್ನೇ ತಿರುಗಿಸಿಬಿಟ್ಟಿತು. ಹೆಚ್ಚಾಗಿ ದಕ್ಷಿಣ ಭಾರತದ 25 ಅಂಗಡಿಗಳಿಂದ 'ಅಶೋಕ' ಎಂದು ಮಾರುವ ಚಕ್ಕೆ ತಂದು ಡಿಎನ್‌ಎ ಪರೀಕ್ಷೆ ಮಾಡಿದರೆ, ಶೇ 80ಕ್ಕೂ ಹೆಚ್ಚು ಅಶೋಕವೇ ಅಲ್ಲ. ಕನಿಷ್ಠ ಏಳು ಬೇರೆ ಬೇರೆ ಸಸ್ಯ ಕುಟುಂಬಗಳಿಗೆ ಸೇರಿದ ಸರಕು! ಒಣಗಿ ಚೂರಾದ ಕಂದು ಚಕ್ಕೆಯನ್ನು ಗ್ರಂಧಿಗೆ ಅಂಗಡಿಯ ಡಬ್ಬದಲ್ಲಿ ನೋಡಿ ಹೇಳುವುದು ಬಲ್ಲವರಿಗೂ ಕಷ್ಟ. ಅದರ ಮೇಲೆ, ನಮ್ಮ ರಸ್ತೆ ಬದಿ, ಕಾಂಪೌಂಡಿನ ಪಕ್ಕ ಕಂಬದಂತೆ ನಿಂತ, ಅಲೆಯಂಚಿನ ಉದ್ದೆಲೆಯ ಮರವನ್ನೂ ಜನ ಅಶೋಕವೆಂದೇ ಕರೆಯುತ್ತಾರೆ. ಅದು ಸೀತಾಫಲದ ಬಳಗದ್ದು. ನಿಜವಾದ ಅಶೋಕ ಹುಣಸೆಯ ನೆಂಟ. ಕೊಂಬೆ, ಕಾಂಡಕ್ಕೇ ಅಂಟಿಕೊಂಡಂತೆ ಕಿತ್ತಳೆ-ಕೆಂಪು ಗೊಂಚಲು ಬಿಡುತ್ತದೆ. ತೊಗಟೆಗಾಗಿ ಸುಲಿದು ಸುಲಿದು ಕಾಡಿನಲ್ಲಿ ಅದು ಅಪಾಯಕ್ಕೊಳಗಾದ ಮರಗಳ ಪಟ್ಟಿ ಸೇರಿದೆ. ಸಿಗದ ಮಾಲಿಗೆ ಕಲಬೆರಕೆ ಬರದೆ ಇನ್ನೇನು?

ಈಗ ಅಶೋಕದ ಬಗ್ಗೆ ಹೊಸ ವರದಿ ಕೈಗೆ ಬಂದರೆ ಫಲಿತಾಂಶದ ಕೋಷ್ಟಕ ಆಮೇಲೆ. ತೊಗಟೆ ಎಲ್ಲಿಂದ ಬಂತು, ಯಾರು ಗುರುತಿಸಿದರು, ಅದರ ಮಾದರಿ ಯಾವ ಸಸ್ಯ ಸಂಗ್ರಹಾಲಯದಲ್ಲಿ (ಹರ್ಬೇರಿಯಂ) ಇದೆ ಎಂಬ ಸಾಲುಗಳನ್ನು ಮೊದಲು ಓದುತ್ತೇನೆ. 'ಸ್ಥಳೀಯ ಮಾರುಕಟ್ಟೆಯಲ್ಲಿ ಕೊಂಡದ್ದು' ಎಂದಷ್ಟೇ ಇದ್ದರೆ, ಆ ಔಷಧ ಗೆದ್ದಿತೆಂದರೂ ಸೋತಿತೆಂದರೂ ಅದನ್ನು ಅಶೋಕದ ಲೆಕ್ಕಕ್ಕೆ ಬರೆಯುವುದಿಲ್ಲ.