ಅಂತಃಪುರದಿಂದ ಆಸ್ಪತ್ರೆಗೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವನ್ನು ಓದಿದವರಿಗೆ, ವೇದಾಧ್ಯಯನವೂ ವ್ಯಾಕರಣ ದರ್ಶನಗಳ ವ್ಯಾಖ್ಯಾನವೂ ನಡೆಯುತ್ತಿದ್ದ ಆ ಸ್ಥಳದಲ್ಲಿಯೇ ದೀನರಿಗೂ ಅಂಗವಿಕಲರಿಗೂ ಅನ್ನದಾನವು, ನಾನಾ ವ್ಯಾಧಿಪೀಡಿತರಿಗೆ ಚಿಕಿತ್ಸೆಯು ದೊರೆಯುತ್ತಿದ್ದುವೆಂದು ತಿಳಿದು ಸಂತೋಷವಾಗದಿರದು. ಶಾಸ್ತ್ರಗ್ರಂಥಗಳಿಗೂ ಆ ಕಾಲದಲ್ಲಿ ಕೊರತೆಯಿರಲಿಲ್ಲ. ಪೂಜ್ಯಪಾದರ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಲ್ಲಿ ಕನ್ನಡಕ್ಕೆ ತಂದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯೊಂದನ್ನೇ ವಿಷಯವಾಗಿ ಹಿಡಿದು ಖಗೇಂದ್ರಮಣಿದರ್ಪಣವೆಂಬ ಕಾವ್ಯಸದೃಶ ಗ್ರಂಥವನ್ನು ರಚಿಸಿದನು. ಆದರೂ ಜನಸಾಮಾನ್ಯರ ಪಾಲಿಗೆ ವೈದ್ಯವೆಂಬುದು ಮನೆಯೊಳಗಿನ ವ್ಯವಹಾರವಾಗಿಯೇ ಉಳಿಯಿತು. ಪಂಡಿತರು ಬಾಗಿಲಿಗೆ ಬಂದು ನಾಡಿ ಹಿಡಿದು ಚೂರ್ಣ ಕೊಡುತ್ತಿದ್ದರು. ಅವರಲ್ಲಿ ಅಳಲೆಕಾಯಿ ಪಂಡಿತರೂ ಕಡಮೆಯಿರಲಿಲ್ಲವೆನ್ನಿ. ಹೆರಿಗೆಗೆ ಸೂಲಗಿತ್ತಿ ಬರುತ್ತಿದ್ದಳು. ಕಾಯಿಲೆಯವನು ಸ್ವಗೃಹವನ್ನು ತೊರೆದು, ಯಾರು ಮುಟ್ಟಿದ ನೀರೋ ಯಾರು ಬೇಯಿಸಿದ ಅನ್ನವೋ ಎಂದು ಶಂಕಿಸುತ್ತ, ಪರಕೀಯರ ನಡುವೆ ಮಂಚದ ಮೇಲೆ ಮಲಗತಕ್ಕ ಕ್ರಮವು ನಮ್ಮವರಿಗೆ ಸುಲಭವಾಗಿ ಒಪ್ಪಿಗೆಯಾಗತಕ್ಕದ್ದಾಗಿರಲಿಲ್ಲ. ಮೈಸೂರು ಸೀಮೆಯಲ್ಲಿ ಈ ಅಳುಕನ್ನು ಕಳೆದುದರಲ್ಲಿ ವೈದ್ಯರ ವಾದಕ್ಕಿಂತಲೂ ಅರಮನೆಯ ಹೆಣ್ಣುಮಕ್ಕಳ ನಡೆವಳಿಕೆಯ ಪಾಲೇ ಹೆಚ್ಚೆಂದು ನನಗೆ ತೋರುತ್ತದೆ.

ಮೊದಲನೆಯ ಪ್ರಸಂಗವು ಸಿಡುಬಿಗೆ ಸಂಬಂಧಪಟ್ಟುದು. ಜೆನ್ನರನು 1798ರಲ್ಲಿ ಪ್ರಕಟಿಸಿದ ಗೋಸ್ತನದ ಲಸಿಕೆಯು ಮುಂಬಯಿಯನ್ನು ಮುಟ್ಟಿದುದು 1802ರಲ್ಲಿ. ಲಸಿಕೆಯನ್ನು ಕೆಡದಂತೆ ಸಾಗಿಸುವ ಸಾಧನವಿಲ್ಲದ ಆ ದಿನಗಳಲ್ಲಿ ಒಂದು ಮಗುವಿನ ತೋಳಿನ ಬೊಕ್ಕೆಯಿಂದ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಗೀರಿ ಹಾಕುತ್ತ, ಹಾಗೆಯೇ ತೋಳಿನಿಂದ ತೋಳಿಗೆ ಊರೂರು ದಾಟಿಸಬೇಕಾಗಿದ್ದಿತು. ಯಾವ ಜಾತಿಯ ಕೂಸಿನ ಮೈರಸವೋ ಎಂಬ ಹೇಸಿಗೆ ಒಂದು ಕಡೆ. ಅಮ್ಮನವರು ತಾವಾಗಿ ಮೈಮೇಲೆ ಬಂದಾಗ ಬೇವಿನ ಸೊಪ್ಪನ್ನು ಹಾಸಿ, ತಂಪು ಮಾಡಿ, ಹರಕೆ ಹೊತ್ತು ಕಳುಹಿಸಿಕೊಡಬೇಕೇ ಹೊರತು ದಾಕು ಹಾಕಿಸಿ ಆಕೆಯನ್ನು ಕೆಣಕಬಾರದೆಂಬ ಭಯ ಮತ್ತೊಂದು ಕಡೆ. ಇಂಥ ಕಾಲದಲ್ಲಿ, 1805ರಲ್ಲಿ, ಐರಿಷ್ ಚಿತ್ರಕಾರನಾದ ಥಾಮಸ್ ಹಿಕಿಯು ಮೈಸೂರಿನ ಮೂವರು ಸ್ತ್ರೀಯರನ್ನು ಒಂದು ಪಟದಲ್ಲಿ ಬರೆದನು. ಬಹುಕಾಲ ಅವರು ಯಾರೆಂಬುದೇ ನಿಶ್ಚಯವಾಗಿರಲಿಲ್ಲ. ಅದು ಬಾಲರಾಜ ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ರಾಣಿಯರದೂ ರಾಜಮಾತೆ ಲಕ್ಷ್ಮಮ್ಮಣ್ಣಿಯವರದೂ ಚಿತ್ರವೆಂದು, ಒಬ್ಬಾಕೆಯು ಸೆರಗನ್ನು ಸರಿಸಿರುವುದು ದಾಕು ಹಾಕಿದ ತೋಳನ್ನು ಸೂಚಿಸಲೆಂದು, ಇತಿಹಾಸಕಾರರೊಬ್ಬರು ಈಚೆಗೆ ಪ್ರತಿಪಾದಿಸಿದ್ದಾರೆ. ಊಹೆಯೇ ಆದರೂ ಸಮಂಜಸವಾದ ಊಹೆ. ಪರಪುರುಷರ ಕಣ್ಣಿಗೆ ಬೀಳದ ಅಂತಃಪುರದವರು ಪರದೇಶದ ಚಿತ್ರಕಾರನ ಮುಂದೆ ನಿಂತರೆಂದರೆ ಅದಕ್ಕೆ ಘನವಾದ ಕಾರಣವೊಂದು ಇದ್ದಿರಲೇಬೇಕು.

ಮುಂದಿನ ತೊಂಬತ್ತು ವರ್ಷಗಳಲ್ಲಿ ಬೆಂಗಳೂರಿನಲ್ಲಿ ಕಮಿಷನರ್ ಬೌರಿಂಗರ ಹೆಸರು ಹೊತ್ತ ಆಸ್ಪತ್ರೆಯೂ ಕ್ರೈಸ್ತ ಸಂನ್ಯಾಸಿನಿಯರ ಸೇಂಟ್ ಮಾರ್ಥಾಸ್ ಆಸ್ಪತ್ರೆಯೂ ಏರ್ಪಟ್ಟುವು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ಅಕಾಲಮರಣ ಹೊಂದಲು, ಹತ್ತು ವರ್ಷದ ಮಗ ನಾಲ್ವಡಿ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯಭಾರವು ಮಹಾರಾಣಿ ವಾಣೀವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಪಾಲಿಗೆ ಬಂದಿತು. ವಿಕ್ಟೋರಿಯಾ ರಾಣಿಯ ಆಳಿಕೆಯ ಅರುವತ್ತನೆಯ ವರ್ಷದ ಸ್ಮಾರಕವಾಗಿ 1897ರ ಜೂನಿನಲ್ಲಿ ಅವರು ಬೆಂಗಳೂರಿನ ಕೋಟೆಯ ಸಮೀಪದಲ್ಲಿ ಆಸ್ಪತ್ರೆಯೊಂದಕ್ಕೆ ಅಸ್ತಿಭಾರವನ್ನು ಹಾಕಿದರು. ಇಂಥ ಉತ್ಸವಗಳಲ್ಲಿ ಶಿಲಾಪ್ರತಿಮೆಯನ್ನು ನಿಲ್ಲಿಸಿ ಕೈತೊಳೆದುಕೊಳ್ಳುವುದು ವಾಡಿಕೆ. ವ್ಯಾಧಿಯಿಂದ ಪತಿಯನ್ನು ಕಳೆದುಕೊಂಡವರಿಗೆ ಆಸ್ಪತ್ರೆಯೇ ತೋಚಿದುದು ಸಹಜವಾಗಿದೆ.

ಕಟ್ಟಡದ ಗೋಡೆಗಳು ಏಳುತ್ತಿದ್ದಂತೆಯೇ, 1898ರ ಆಗಸ್ಟಿನಲ್ಲಿ, ಪ್ಲೇಗು ಮಾರಿಯು ರೈಲುಮಾರ್ಗವಾಗಿ ಬೆಂಗಳೂರನ್ನು ಹೊಕ್ಕಿತು. ಇಲಿ ಬಿದ್ದಿತೆಂಬ ಸುದ್ದಿಯೊಡನೆ ಜನರು ಮನೆಗೆ ಬೀಗವಿಕ್ಕಿ ಬಯಲಿನ ಗುಡಿಸಲುಗಳಿಗೆ ನಡೆದರು. ಜ್ವರ ಬಂದವರನ್ನು ಅಧಿಕಾರಿಗಳು ಎಳೆದೊಯ್ಯುವರೆಂಬ ಅಂಜಿಕೆಯಿಂದ ಬಂಧುಗಳು ರೋಗಿಗಳನ್ನು ಅಡಗಿಸಿಟ್ಟರು. ರೋಗಿಯನ್ನು ಬಲಾತ್ಕಾರವಾಗಿ ಬೇರ್ಪಡಿಸಿದ ಆ ಕ್ರಮವು ಆಸ್ಪತ್ರೆಯೆಂದರೆ ಯಮನ ಹೆಬ್ಬಾಗಿಲೆಂಬ ಭಾವನೆಯನ್ನು ಬಲಪಡಿಸಿದುದರಲ್ಲಿ ಆಶ್ಚರ್ಯವಿಲ್ಲ. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರುವುದಕ್ಕಾಗಿ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿಗಳೊಡನೆ ಬೆಳೆದುವು; ಪ್ಲೇಗಮ್ಮನಿಗೂ ಗುಡಿಗಳಾದುವು. 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ನನು ವಿಕ್ಟೋರಿಯಾ ಆಸ್ಪತ್ರೆಯನ್ನು ತೆರೆದಾಗ ಅದರಲ್ಲಿದ್ದ ಹಾಸಿಗೆಗಳು 140.

ಅರಮನೆಯೂ ವ್ಯಾಧಿಗೆ ಹೊರತಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು. ಅವರ ಹೆಣ್ಣುಮಕ್ಕಳನ್ನೂ ಆ ರೋಗವು ಬಿಡಲಿಲ್ಲ. ಕ್ಷಯವು ಮನೆತನಕ್ಕೆ ಅಂಟಿದ ಕಳಂಕವೆಂದು ಮುಚ್ಚಿಡುತ್ತಿದ್ದ ಕಾಲದಲ್ಲಿ, ರಾಜಕುಮಾರಿಯ ಹೆಸರನ್ನೇ ಇಟ್ಟು ಮೈಸೂರಿನಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವನ್ನು ಸ್ಥಾಪಿಸಿದುದು ಸಣ್ಣ ಧೈರ್ಯವಲ್ಲ. ಆಗಿನ್ನೂ ಆ ರೋಗಕ್ಕೆ ಮದ್ದಿರಲಿಲ್ಲ; ಗಾಳಿ, ಬೆಳಕು, ಹಾಲು, ವಿಶ್ರಾಂತಿ ಇವೇ ಚಿಕಿತ್ಸೆ. ವೈದ್ಯರನ್ನು ನಾಡಿನಲ್ಲಿಯೇ ತಯಾರುಮಾಡಲು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಹೋಯಿತು.

ಕೆಂಪನಂಜಮ್ಮಣ್ಣಿಯವರು 1934ರಲ್ಲಿ ದಿವಂಗತರಾದರು. ಮರುವರ್ಷ ವಿಕ್ಟೋರಿಯಾದ ಪಕ್ಕದಲ್ಲಿಯೇ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ವಾಣೀವಿಲಾಸ ಆಸ್ಪತ್ರೆಯು ತೆರೆಯಿತು. ಬಾಣಂತಿಯ ಕೋಣೆಯಿಂದ ಹೊರಗೆ ಕಾಲಿಡದಿದ್ದ ಹೆರಿಗೆಯು ಹೀಗೆ ಮೆಲ್ಲಮೆಲ್ಲಗೆ ಸರಕಾರದ ಸೂರಿನಡಿಗೆ ಬಂದಿತು. ಅದಕ್ಕೂ ಐದು ವರ್ಷ ಹಿಂದೆ, 1930ರಲ್ಲಿ, ಮೈಸೂರು ಸರಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆಮಾಡಿದ್ದಿತು. ಪಾಶ್ಚಾತ್ಯ ದೇಶಗಳ ಸರಕಾರಗಳೇ ಆ ಮಾತನ್ನೆತ್ತಲು ಹಿಂಜರಿಯುತ್ತಿದ್ದಾಗ ಸಂಸ್ಥಾನವೊಂದು ಅದನ್ನು ತನ್ನ ಖರ್ಚಿನಲ್ಲಿಯೇ ನಡೆಸಹೊರಟಿದ್ದಿತು.