ಅಲ್ಪದೂರದ ನಿಸ್ತಂತು ಸಂಪರ್ಕ ಮತ್ತು ವಿದ್ಯುತ್ತಿನ ಮಿತವ್ಯಯ: ಒಂದು ಚಾರಿತ್ರಿಕ ವಿವೇಚನೆ

ಗೋಡೆಯ ಉಷ್ಣಮಾಪಕ, ಕೈಗಡಿಯಾರ, ಮಧುಮೇಹಿಗಳು ಮೈಗೆ ಅಂಟಿಸಿಕೊಳ್ಳುವ ಸಕ್ಕರೆಯ ಮಾಪಕ ಮೊದಲಾದ ಉಪಕರಣಗಳು ಇಂದು ಸಮೀಪದ ಮೊಬೈಲ್ ಫೋನಿಗೆ ತಂತಿಯಿಲ್ಲದೆ ವರ್ತಮಾನವನ್ನು ಮುಟ್ಟಿಸುತ್ತವೆ. ಇವುಗಳಲ್ಲಿ ಕೆಲವು ನಾಣ್ಯದಷ್ಟು ಚಿಕ್ಕ ಬ್ಯಾಟರಿಯೊಂದರಿಂದಲೇ ತಿಂಗಳುಗಟ್ಟಲೆ ನಡೆಯುವುದುಂಟು. ಇವುಗಳ ಪ್ರಸಾರ ಬಹು ಕ್ಷೀಣವಾದುದೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಅರ್ಧಸತ್ಯ. ಮಿತವ್ಯಯದ ಗುಟ್ಟು ಮುಖ್ಯವಾಗಿ ಕಾಲದ ಹಂಚಿಕೆಯಲ್ಲಿದೆ ಎಂಬುದನ್ನು ಬ್ಲೂಟೂತಿನ ಚರಿತ್ರೆಯಿಂದ ತೋರಿಸುವುದು ನಮ್ಮ ಉದ್ದೇಶ.

ಈ ಪದ್ಧತಿಯ ಕೆಲಸ 1994ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ, ಎರಿಕ್ಸನ್ ಸಂಸ್ಥೆಯಲ್ಲಿ ಮೊದಲಾಯಿತು. ಯಾಪ್ ಹಾರ್ಟ್‌ಸನ್ ಮತ್ತು ಸ್ವೆನ್ ಮ್ಯಾಟಿಸನ್ ಇದರ ಪ್ರವರ್ತಕರಲ್ಲಿ ಪ್ರಮುಖರು. 1998ರಲ್ಲಿ ಎರಿಕ್ಸನ್, ನೋಕಿಯ, ಐಬಿಎಂ, ಇಂಟೆಲ್ ಮತ್ತು ತೋಷಿಬ ಸೇರಿ ಒಂದು ಕೂಟವನ್ನು ಸ್ಥಾಪಿಸಿದುವು. ಹತ್ತನೆಯ ಶತಮಾನದ ಡೇನರ ದೊರೆ ಹೆರಾಲ್ಡನ ಬಿರುದೇ ಪದ್ಧತಿಗೆ ಹೆಸರಾಯಿತು.

ಯಾರ ಅನುಮತಿಯೂ ಬೇಡದ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಸದ್ದುಗದ್ದಲ ಹೆಚ್ಚು. ಅದರಿಂದ ಪಾರಾಗಲು ಉಪಕರಣಗಳು 79 ದಾರಿಗಳ ನಡುವೆ ಸೆಕೆಂಡಿಗೆ 1600 ಬಾರಿ ಜಿಗಿಯುವಂತೆ ಮಾಡಿದರು. ಜೊತೆಯಾಗಿ ಜಿಗಿಯಬೇಕಾದರೆ ಇಬ್ಬರಿಗೂ ಒಂದೇ ಗಡಿಯಾರವಿರಬೇಕು. ಪರಿಚಯವಾಗುವ ಮುನ್ನ ಅದು ಎಲ್ಲಿಂದ ಬರಬೇಕು? ಹುಡುಕುವವನು ಕೂಗಬೇಕು, ಹುಡುಕಲ್ಪಡುವವನು ಕಿವಿಗೊಟ್ಟಿರಬೇಕು ಎಂಬುದು ಮೊದಲ ಏರ್ಪಾಡು. ಅದರಂತೆ ಸಾಮಾನ್ಯವಾಗಿ ಪ್ರತಿ 1.28 ಸೆಕೆಂಡಿಗೊಮ್ಮೆ 11.25 ಮಿಲಿಸೆಕೆಂಡು ಗ್ರಾಹಕವನ್ನು ತೆರೆದಿಡಬೇಕಾಗಿತ್ತು. ಇಲ್ಲಿ ಒಂದು ಅಂಶವನ್ನು ಮರೆಯಲಾಗದು: ಇಂಥ ಉಪಕರಣಗಳಲ್ಲಿ ಕೇಳುವುದಕ್ಕೆ ತಗಲುವ ವಿದ್ಯುತ್ತು ನುಡಿಯುವುದಕ್ಕೆ ತಗಲುವುದಕ್ಕಿಂತ ಬಹಳ ಕಡಮೆಯೇನಲ್ಲ.

ಮೊದಲಿನವರು ವಿಶ್ರಾಂತಿಯ ಬೆಲೆಯನ್ನು ಅರಿಯದವರಲ್ಲ. ಸಂಪರ್ಕ ಕೂಡಿದ ಬಳಿಕ ನಿದ್ರಿಸಲು ಅವರು ಮೂರು ವಿಧಾನಗಳನ್ನು ಕಲ್ಪಿಸಿದ್ದರು. ಆದರೆ ಮಾತನ್ನು ಕಿವಿಗೆ ಒಯ್ಯುವುದು ಅವರ ಮುಖ್ಯ ಪ್ರಯೋಜನಗಳಲ್ಲೊಂದು. ಮಾತು ಹರಿಯುತ್ತಿರುವಾಗ ದೀರ್ಘ ಮೌನಕ್ಕೆ ಎಡೆಯೆಲ್ಲಿ?

ನೋಕಿಯ ಸಂಸ್ಥೆ 2001ರಿಂದ ನಡೆಸಿದ ಸಂಶೋಧನೆ 2006ರಲ್ಲಿ ವೈಬ್ರೀ ಎಂಬ ಹೆಸರಿನಿಂದ ಪ್ರಕಟವಾಗಿ, 2010ರ ಬ್ಲೂಟೂತ್ 4.0ರಲ್ಲಿ ಸೇರಿಹೋಯಿತು. ಇದರಲ್ಲಿ ಪಾತ್ರಗಳು ಅದಲುಬದಲಾದುವು. ಚಿಕ್ಕ ಉಪಕರಣವು 40 ದಾರಿಗಳಲ್ಲಿ ಗೊತ್ತುಮಾಡಿದ ಮೂರರಲ್ಲಿ ಮಾತ್ರ ತನ್ನ ಇರವನ್ನು ಸಾರಿ, ಮರುನುಡಿಗೆ ಕ್ಷಣಮಾತ್ರ ಕಾದು ಮಲಗುತ್ತದೆ. ಕಿವಿಗೊಡುವ ಭಾರ ದೊಡ್ಡ ಬ್ಯಾಟರಿಯುಳ್ಳ ಫೋನಿನದು. ಸಂಪರ್ಕವಾದ ಮೇಲೆ 7.5 ಮಿಲಿಸೆಕೆಂಡಿನಿಂದ 4 ಸೆಕೆಂಡಿನವರೆಗೆ ಯಾವುದಾದರೊಂದು ಅಂತರದಲ್ಲಿ ಭೇಟಿಯ ಮುಹೂರ್ತ ನಿಶ್ಚಯವಾಗುತ್ತದೆ. ಹೇಳುವುದೇನೂ ಇಲ್ಲದಾಗ ಒಪ್ಪಿದಷ್ಟು ಭೇಟಿಗಳನ್ನು ಚಿಕ್ಕದು ತಪ್ಪಿಸಬಹುದು. ಗಡಿಯಾರ ಸ್ವಲ್ಪ ತಪ್ಪುವುದರಿಂದ ಅದು ಮುಹೂರ್ತಕ್ಕೆ ತುಸು ಮೊದಲೇ ಎಚ್ಚರಗೊಳ್ಳಬೇಕು. ಆದುದರಿಂದ ಗಡಿಯಾರದ ನಿಖರತೆಯೂ ಒಂದು ಉಳಿತಾಯವೇ.

ಈ ಉಳಿತಾಯಕ್ಕೆ ತೆರುವ ಬೆಲೆ ವಿಳಂಬ. ಉಷ್ಣಮಾಪಕದ ವರ್ತಮಾನ ತಡವಾದರೆ ನಷ್ಟವಿಲ್ಲ. ರಕ್ತದ ಸಕ್ಕರೆ ಕುಸಿಯುತ್ತಿದೆಯೆಂಬ ಎಚ್ಚರಿಕೆ ತಡವಾಗಬಾರದು, ಮಾಪಕದ ಬ್ಯಾಟರಿಯೂ ಅಕಾಲದಲ್ಲಿ ಬರಿದಾಗಬಾರದು. ಎಷ್ಟು ಹೊತ್ತು ಮಲಗಬಹುದೆಂಬ ಲೆಕ್ಕ ಆಗ ರೋಗಿಯ ಕ್ಷೇಮಕ್ಕೂ ಸಂಬಂಧಿಸಿದ್ದು.

ಮೇಲಣ ಸಂಗತಿಗಳಿಂದ ನಮಗೆ ತೋರುವುದಿಷ್ಟು: ಸಮಾನರ ಸಂಭಾಷಣೆಗೆಂದು ಹುಟ್ಟಿದ ಪದ್ಧತಿಯು ಅಸಮಾನರ ಸಹವಾಸಕ್ಕೆ ಹೊಂದಿಕೊಂಡಿತು. ಬಲವುಳ್ಳದ್ದು ಕಾಯಬೇಕು, ಬಲ ಸಾಲದ್ದು ಮಲಗಬೇಕು ಎಂಬ ಒಪ್ಪಂದವೇ ಆ ಮಾರ್ಪಾಟಿನ ಸಾರ.